ಗುಜರಿಗೆ ಹಾಕುವ ಮುನ್ನ ಅಜ್ಜನ ಸೈಕಲ್ಲಿನ ಬೆಸುಗೆ ನೋಡಿ

ದುದ್ದ (ಹಾಸನ ತಾ.): ಹಳೆಯ ಸೈಕಲ್ಲಿಗೆ ಗುಜರಿ ಅಂಗಡಿಯಲ್ಲಿ ಸಿಗುವುದು ಕಬ್ಬಿಣದ ತೂಕದ ಬೆಲೆ ಮಾತ್ರ. ಹಾಸನ-ಅರಸೀಕೆರೆ ರಸ್ತೆಯ ದುದ್ದವಿರಲಿ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆಯ ಹಳ್ಳಿಗಳಿರಲಿ, ಅಜ್ಜನ ಕಾಲದ ಕಪ್ಪು ಸೈಕಲ್ಲೊಂದು ಕೊಟ್ಟಿಗೆಯ ಗೋಡೆಗೊರಗಿರುವ ಮನೆಗಳು ಇನ್ನೂ ಇವೆ. ಹಳೆಯ ಮನೆ ಕೆಡವಿ ಹೊಸದು ಕಟ್ಟುವಾಗ ಮೊದಲು ಹೊರಬೀಳುವ ವಸ್ತುಗಳಲ್ಲಿ ಅದೂ ಒಂದು. ಗುಜರಿಯವನ ತಕ್ಕಡಿ ಅದರ ತೂಕವನ್ನು ಹೇಳುತ್ತದೆಯೇ ಹೊರತು ಅದನ್ನು ಕಟ್ಟಿದ ಬಗೆಯನ್ನು ಹೇಳುವುದಿಲ್ಲ.

ಒಂದು ಕಾಲಕ್ಕೆ ಈ ಸೈಕಲ್ಲುಗಳು ಮನೆತನದ ಅಂತಸ್ತಿನ ಗುರುತಾಗಿದ್ದವು. ಮದುವೆಯಲ್ಲಿ ಅಳಿಯನಿಗೆ ಕೊಡುವ ವಾಚು, ರೇಡಿಯೋಗಳ ಸಾಲಿನಲ್ಲಿ ಸೈಕಲ್ಲಿಗೂ ಸ್ಥಾನವಿತ್ತು. ವರ್ಷಕ್ಕೊಮ್ಮೆ ಸ್ಥಳೀಯ ಸಂಸ್ಥೆಗೆ ತೆರಿಗೆ ಕಟ್ಟಿ ಪಡೆದ ಲೈಸೆನ್ಸ್ ಬಿಲ್ಲೆಯನ್ನು ಸೈಕಲ್ಲಿಗೆ ಸಿಕ್ಕಿಸಿಕೊಳ್ಳಬೇಕಿತ್ತು. ಸ್ವಾತಂತ್ರ್ಯಪೂರ್ವದಲ್ಲಿ ರ‍್ಯಾಲಿ, ಹಂಬರ್, ಹರ್ಕ್ಯುಲಿಸ್, ಬಿ.ಎಸ್.ಎ., ಫಿಲಿಪ್ಸ್ ಎಲ್ಲವೂ ಇಂಗ್ಲೆಂಡಿನಿಂದ ಹಡಗೇರಿ ಬರುತ್ತಿದ್ದವು. 1949ರಲ್ಲಿ ಮದರಾಸಿನಲ್ಲಿ ಟಿ.ಐ. ಸೈಕಲ್ಸ್ ಆಫ್ ಇಂಡಿಯಾ ಸ್ಥಾಪನೆಗೊಂಡಿತು. ಪಶ್ಚಿಮ ಬಂಗಾಳದ ಆಸನ್ಸೋಲ್‌ನಲ್ಲಿ ಸೆನ್-ರ‍್ಯಾಲಿ ಕಾರ್ಖಾನೆ ತಲೆಯೆತ್ತಿತು. ನಂತರದ ವರ್ಷಗಳಲ್ಲಿ ಅದೇ ಹೆಸರುಗಳು ಇಲ್ಲಿಯೇ ತಯಾರಾಗತೊಡಗಿದವು.

ಮೋಪೆಡ್ಡು, ಬೈಕುಗಳು ಬಂದ ಮೇಲೆ ಸೈಕಲ್ಲು ಹಾಲಿನ ಕ್ಯಾನಿಗೂ ಹುಲ್ಲಿನ ಹೊರೆಗೂ ಮೀಸಲಾಯಿತು. ಆದರೂ ಅನೇಕ ಚೌಕಟ್ಟುಗಳು ಅರ್ಧ ಶತಮಾನದ ಬಳಿಕವೂ ನೆಟ್ಟಗಿವೆ. ಇದಕ್ಕೆ ಕಾರಣ ಪೈಪಿನ ದಪ್ಪ ಎಂಬುದು ಸಾಮಾನ್ಯ ನಂಬಿಕೆ. ಅದು ಪೂರ್ತಿ ನಿಜವಲ್ಲ. ಪೈಪುಗಳು ಕೂಡುವ ಜಾಗವನ್ನು ನೋಡಬೇಕು.

ಹಿತ್ತಾಳೆಯ ಕೆಲಸ

ಸೀಟಿನ ಕೆಳಗೆ, ಹ್ಯಾಂಡಲಿನ ಬುಡದಲ್ಲಿ, ಪೆಡಲಿನ ನಡುಭಾಗದಲ್ಲಿ ಪೈಪುಗಳು ನೇರವಾಗಿ ಒಂದಕ್ಕೊಂದು ಅಂಟಿಲ್ಲ. ಅವು ಉಕ್ಕಿನ ತೋಳುಗಳೊಳಗೆ ಸೇರಿಕೊಂಡಿವೆ. ಈ ತೋಳಿಗೆ ಲಗ್ ಎಂದು ಹೆಸರು. ಪೈಪನ್ನು ಲಗ್ಗಿನೊಳಗೆ ಬಿಗಿಯಾಗಿ ಕೂರಿಸಿ, ಬಿಳಿಗಾರದಂತಹ ದ್ರಾವಕ ಸವರಿ, ಸುಮಾರು 900 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸುತ್ತಾರೆ. ಆಗ ಕರಗಿದ ಹಿತ್ತಾಳೆ, ದೀಪದ ಬತ್ತಿ ಎಣ್ಣೆಯನ್ನು ಹೀರುವಂತೆ, ಎರಡು ಲೋಹಗಳ ನಡುವಿನ ಕೂದಲೆಳೆಯ ಸಂದಿಗೆ ತಾನಾಗಿಯೇ ಹರಿಯುತ್ತದೆ. ಉಕ್ಕು ಕರಗಲು ಸುಮಾರು 1500 ಡಿಗ್ರಿ ಬೇಕು. ಹಾಗಾಗಿ ಪೈಪು ಕರಗದೆ, ತನ್ನ ಗುಣವನ್ನು ಬಹುಪಾಲು ಉಳಿಸಿಕೊಂಡೇ ಬೆಸೆದುಕೊಳ್ಳುತ್ತದೆ.

ಸಂದಿ ಹೆಚ್ಚಾದರೆ ಹಿತ್ತಾಳೆ ನಿಲ್ಲದು, ಕಡಿಮೆಯಾದರೆ ಒಳಹೋಗದು. ಬೆಂಕಿ ಮಿತಿಮೀರಿದರೆ ಉಕ್ಕು ಪೆಡಸಾಗುತ್ತದೆ. ಈ ಹದ ಕೈಗೆ ಹತ್ತಲು ವರ್ಷಗಳೇ ಬೇಕು. ಕೆಲಸಗಾರನ ಪಳಗಿದ ಕೈಯನ್ನು ಹೊರಗಿನಿಂದಲೂ ಗುರುತಿಸಬಹುದು. ಲಗ್ಗಿನ ಅಂಚು ಸಮವಾಗಿ ತೆಳುವಾಗಿದ್ದು, ಹಿತ್ತಾಳೆ ಉಂಡೆಗಟ್ಟದೆ ಒಂದೇ ಸಣ್ಣ ಗೆರೆಯಾಗಿ ಕಂಡರೆ ಅದು ಒಳ್ಳೆಯ ಕೆಲಸ.

ಭಾರ ಹೊರುವ ಸೈಕಲ್ಲಿಗೆ ದಪ್ಪ ಪೈಪು ಸಾಕು. ರೇಸಿನ ಸೈಕಲ್ಲಿಗೆ ಹಗುರವಾದದ್ದೇ ಬೇಕು. ಬರ್ಮಿಂಗ್‌ಹ್ಯಾಮಿನ ಮೊಳೆ ತಯಾರಕರ ಮನೆತನದ ಆಲ್‌ಫ್ರೆಡ್ ರೆನಾಲ್ಡ್ಸ್ ಇದಕ್ಕೊಂದು ಉಪಾಯ ಕಂಡುಕೊಂಡು 1897ರಲ್ಲಿ ಪೇಟೆಂಟ್ ಪಡೆದರು. ಬೆಸುಗೆ ಬೀಳುವ ತುದಿಗಳಲ್ಲಿ ದಪ್ಪ, ನಡುವೆ ತೆಳುವಾದ ಪೈಪು ಅದು. ಹೊರಗಿನಿಂದ ನೋಡಿದರೆ ಈ ವ್ಯತ್ಯಾಸ ಕಾಣದು. 1935ರಲ್ಲಿ ಅವರ ಸಂಸ್ಥೆ ಹೊರತಂದ '531' ಪೈಪು ದಶಕಗಳ ಕಾಲ ರೇಸ್ ಲೋಕವನ್ನು ಆಳಿತು. ಇಟಲಿಯ ಕೊಲಂಬಸ್ ಸಂಸ್ಥೆಯ 'ಎಸ್‌ಎಲ್' ಪೈಪಿನ ದಪ್ಪ ತುದಿಯಲ್ಲಿ 0.9 ಮಿ.ಮೀ., ನಡುವೆ 0.6 ಮಿ.ಮೀ. ಮಾತ್ರ. ನಮ್ಮಲ್ಲಿ ಸೈಕಲ್ ರೇಸಿನ ತವರಾದ ವಿಜಯಪುರ, ಬಾಗಲಕೋಟೆಗಳಲ್ಲಿ ಇಂದು ಓಡುವುದು ಅಲ್ಯೂಮಿನಿಯಂ, ಕಾರ್ಬನ್ ಸೈಕಲ್ಲುಗಳು. ಅವುಗಳಲ್ಲಿ ಕಾರ್ಬನ್ನು ಬಿರುಕು ಬಿಟ್ಟರೆ ಊರಿನ ಅಂಗಡಿಯಲ್ಲಿ ರಿಪೇರಿಯಾಗುವುದು ಕಷ್ಟ. ಲಗ್ಗಿನ ಚೌಕಟ್ಟಿನಲ್ಲಿ ಒಂದು ಪೈಪು ಕೆಟ್ಟರೆ ಮತ್ತೆ ಕಾಯಿಸಿ, ಬಿಡಿಸಿ, ಬೇರೆ ಪೈಪು ಕೂರಿಸಬಹುದು.

ಕೆಡಿಸುವುದು ಸುಲಭ

ಮನೆಯಲ್ಲಿ ಇಂತಹ ಸೈಕಲ್ಲು ಸಿಕ್ಕರೆ ಮೊದಲು ಚೌಕಟ್ಟು ನೆಟ್ಟಗಿದೆಯೇ ಎಂದು ಪರೀಕ್ಷಿಸಬೇಕು. ಹಿಂದಿನ ಚಕ್ರದ ಅಚ್ಚು ಕೂರುವ ಒಂದು ಬದಿಗೆ ದಾರ ಕಟ್ಟಿ, ಮುಂದೆ ಹ್ಯಾಂಡಲಿನ ಬುಡದ ಪೈಪನ್ನು ಸುತ್ತಿಸಿ, ಇನ್ನೊಂದು ಬದಿಗೆ ಎಳೆದು ಕಟ್ಟಬೇಕು. ಸೀಟಿನ ಪೈಪಿನಿಂದ ಎರಡೂ ದಾರಗಳಿಗೆ ಇರುವ ಅಂತರ ಸಮವಿದ್ದರೆ ಚೌಕಟ್ಟು ಸೊಟ್ಟಗಾಗಿಲ್ಲ. ಮುಂದಿನ ಲಗ್ಗಿನ ಹಿಂದೆ, ಪೈಪಿನ ಕೆಳಮೈಯನ್ನು ಬೆರಳಿನಿಂದ ಸವರಿದಾಗ ಉಬ್ಬು ಸಿಕ್ಕರೆ ಎಲ್ಲಿಗೋ ಗುದ್ದಿಸಿದ ಸೈಕಲ್ಲೆಂದು ತಿಳಿಯಬೇಕು. ಸ್ಟರ್ಮಿ-ಆರ್ಚರ್ ಮೂರು ಗೇರಿನ ಹಬ್ಬಿದ್ದರೆ ಅದರ ಮೇಲೆ ಸಾಮಾನ್ಯವಾಗಿ ತಯಾರಿಕೆಯ ವರ್ಷ ಅಚ್ಚಾಗಿರುತ್ತದೆ. ಆದರೆ ಚಕ್ರ ಬದಲಾಗಿರುವ ಸಾಧ್ಯತೆಯಿರುವುದರಿಂದ ಅದನ್ನೇ ಸೈಕಲ್ಲಿನ ವಯಸ್ಸೆಂದು ನಂಬುವಂತಿಲ್ಲ.

ಹೆಚ್ಚಿನ ಅನಾಹುತ ನಡೆಯುವುದು ಉತ್ಸಾಹದಿಂದ. ಮರಳು ಹಾಯಿಸಿ ಬಣ್ಣ ತೆಗೆಸಿ, ದಪ್ಪ ಪೌಡರ್ ಕೋಟಿಂಗ್ ಮಾಡಿಸಿದರೆ ಸೈಕಲ್ಲು ಹೊಳೆಯುತ್ತದೆ ನಿಜ. ಆದರೆ ಲಗ್ಗಿನ ಅಂಚು ಮುಚ್ಚಿಹೋಗುತ್ತದೆ, ಕುಂಚದಿಂದ ಎಳೆದ ಚಿನ್ನದ ಬಣ್ಣದ ಗೆರೆಗಳು ಶಾಶ್ವತವಾಗಿ ಹೋಗುತ್ತವೆ. ಅಂತಹ ಗೆರೆ ಎಳೆಯುವ ಕಲೆ ಈಗ ಅಪರೂಪ. ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆ, ತಾಳ್ಮೆ ಮತ್ತು ಕೊನೆಗೆ ತೆಳುವಾದ ಮೇಣ, ಮೊದಲ ಪ್ರಯತ್ನಕ್ಕೆ ಇಷ್ಟು ಸಾಕು. ತುಕ್ಕು ಹಿಡಿದ ಕ್ರೋಮಿಯಂ ಲೇಪದ ಭಾಗಗಳನ್ನು ನೀರಿನಲ್ಲಿ ನೆನೆಸಿದ ಅಲ್ಯೂಮಿನಿಯಂ ಹಾಳೆಯ ಉಂಡೆಯಿಂದ ಉಜ್ಜಬಹುದು.

ಇದಕ್ಕಿಂತ ದೊಡ್ಡ ಅಪಾಯ ಗ್ರಿಲ್ ಅಂಗಡಿಯ ವೆಲ್ಡಿಂಗ್. ಬಿರುಕು ಬಿಟ್ಟ ಲಗ್ಗಿನ ಮೇಲೆ ವಿದ್ಯುತ್ ವೆಲ್ಡಿಂಗ್ ಮಾಡಿದರೆ ಒಳಗಿನ ಹಿತ್ತಾಳೆ ಉಕ್ಕಿನೊಂದಿಗೆ ಬೆರೆತು ಬೆಸುಗೆ ಪೆಡಸಾಗುತ್ತದೆ, ಮತ್ತೆ ಅಲ್ಲಿಯೇ ಸೀಳುತ್ತದೆ. ಆ ಮೇಲೆ ಅದನ್ನು ಸರಿಪಡಿಸುವುದು ಬಲ್ಲವರಿಗೂ ಕಷ್ಟ. ಗ್ಯಾಸ್ ಉರಿಯಲ್ಲಿ ಹಿತ್ತಾಳೆ ಕಡ್ಡಿ ಬಳಸಿ ಬೆಸೆಯುವವರನ್ನೇ ಹುಡುಕಬೇಕು.

ಪೆಡಲಿನ ತೋಳನ್ನು ಹಿಡಿದಿರುವ ಕಾಟರ್ ಪಿನ್ನು ತೆಗೆಯುವಾಗ ತೋಳಿನ ಕೆಳಗೆ ಗಟ್ಟಿ ಆಸರೆ ಕೊಟ್ಟೇ ಸುತ್ತಿಗೆ ಹಾಕಬೇಕು. ಇಲ್ಲವಾದರೆ ಪೆಟ್ಟೆಲ್ಲ ಒಳಗಿನ ಗುಂಡುಗಳಿಗೆ ಹೋಗುತ್ತದೆ.

ಬಿಡಿಭಾಗಗಳ ಚಿಂತೆ ಅಷ್ಟಾಗಿ ಬೇಕಿಲ್ಲ. 1951ರಲ್ಲಿ ಆರಂಭವಾದ ಅಟ್ಲಾಸ್ ಸಂಸ್ಥೆಯ ಕೊನೆಯ ಕಾರ್ಖಾನೆ 2020ರ ಜೂನ್‌ನಲ್ಲಿ ನಿಂತುಹೋದರೂ 28×1½ ಅಳತೆಯ ಟಯರು ದೇಶದಲ್ಲಿ ಈಗಲೂ ತಯಾರಾಗುತ್ತಿದೆ. ನಗರದ ದುಬಾರಿ ಮಳಿಗೆಗಳಲ್ಲಿ ಕೇಳಿದರೆ ಮುಖ ನೋಡುವಂತಹ ಕಾಟರ್ ಪಿನ್ನು, ಬ್ರೇಕ್ ರಾಡು, ಸ್ಪೋಕುಗಳನ್ನು ತಾಲ್ಲೂಕು ಕೇಂದ್ರಗಳ ಹಳೆಯ ಸೈಕಲ್ ಷಾಪುಗಳಲ್ಲಿಯೇ ವಿಚಾರಿಸುವುದು ಲೇಸು.

ಆದರೆ ಎಲ್ಲವೂ ಎಲ್ಲಕ್ಕೂ ಹೊಂದುವುದಿಲ್ಲ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಲ್ಲಿ ತಯಾರಾದ ರ‍್ಯಾಲಿಯ ಪೆಡಲ್ ಗೂಡಿನಲ್ಲಿ ಇಂಚಿಗೆ 26 ತಿರುಪಿನ ಎಳೆಗಳಿದ್ದರೆ, ಸಾಮಾನ್ಯ ಕಪ್ಪುಗಳಲ್ಲಿ ಇರುವುದು 24. ಮೊದಲೆರಡು ಸುತ್ತು ಸರಾಗವಾಗಿ ಹೋಗಿ ನಂತರ ಬಿಗಿಯುತ್ತದೆ. ಸ್ಪ್ಯಾನರಿನಿಂದ ಒತ್ತಾಯಿಸಿದರೆ ಗೂಡಿನ ಎಳೆಗಳು ಹರಿದು ಚೌಕಟ್ಟೇ ಕೆಲಸಕ್ಕೆ ಬಾರದಂತಾಗುತ್ತದೆ. ಅಂತಹ ಸೈಕಲ್ಲಿಗೆ ಹಳೆಯ ಕಪ್ಪುಗಳನ್ನೇ ತೊಳೆದು, ಬದಿಗೆ 11ರಂತೆ ಕಾಲು ಇಂಚಿನ 22 ಹೊಸ ಗುಂಡುಗಳನ್ನು ಗ್ರೀಸಿನಲ್ಲಿ ಕೂರಿಸಿ ಮತ್ತೆ ಹಾಕುವುದೇ ಕ್ಷೇಮ.