ಕಹಳೆ ಊದಿದವನು ಯಾರು?

ಚುನಾವಣೆ ಬಂತೆಂದರೆ ಪತ್ರಿಕೆಗಳಲ್ಲಿ ರಣಕಹಳೆ ಮೊಳಗುತ್ತದೆ. ಗಡಿಯ ತಂಟೆ ಎದ್ದರೆ ಕನ್ನಡದ ಕಹಳೆ ಮೊಳಗುತ್ತದೆ. ಆದರೆ ಕಹಳೆಯನ್ನು ಕಣ್ಣಾರೆ ಕಂಡವರು ಎಷ್ಟು ಮಂದಿ? ಊದುವವನ ಹೆಸರು ಕೇಳಿದವರಂತೂ ಇನ್ನೂ ಕಡಿಮೆ. ಕನ್ನಡದ ಮಕ್ಕಳಿಗೆ ಮೊದಲು ಪರಿಚಯವಾಗುವುದು ಜಿ.ಪಿ. ರಾಜರತ್ನಂ ಪದ್ಯದ ತಗಡಿನ ತುತ್ತೂರಿ. ಆಮೇಲೆ ಮದುವೆ ಮೆರವಣಿಗೆಯಲ್ಲಿ ಬ್ಯಾಂಡಿನವರ ಟ್ರಂಪೆಟ್. ಇವೆರಡರ ಹಿಂದೆ ಸಾವಿರ ವರ್ಷಕ್ಕೂ ಮಿಗಿಲಾದ ಕಥೆಯಿದೆ.

ಆ ಕಥೆಯನ್ನು ಗದಗ ಸೀಮೆಯಿಂದಲೇ ಶುರುಮಾಡುವುದು ಒಳ್ಳೆಯದು. ದಿಂಗಾಲೇಶ್ವರ ಮಠವಿರುವ ಬಾಳೆಹೊಸೂರ ಇಂದು ಲಕ್ಷ್ಮೇಶ್ವರ ತಾಲ್ಲೂಕಿನ ಹಳ್ಳಿ. ಲಕ್ಷ್ಮೇಶ್ವರವೆಂದರೆ ಹಳೆಯ ಪುಲಿಗೆರೆ. ಪಂಪ 941ರಲ್ಲಿ ತನ್ನ ಭಾರತವನ್ನು ಬರೆದದ್ದು ಇಲ್ಲಿಯ ತಿರುಳ್ಗನ್ನಡದಲ್ಲಿ. ಆ ಕಾಲದ ಕನ್ನಡ ನಾಡಿನ ಶಾಸನಗಳನ್ನು ಓದಿದವರಿಗೆ ಒಂದು ಬಿರುದು ಮತ್ತೆ ಮತ್ತೆ ಎದುರಾಗುತ್ತದೆ: ‘ಸಮಧಿಗತ ಪಂಚಮಹಾಶಬ್ದ’. ಎಂದರೆ, ಐದು ಮಹಾವಾದ್ಯಗಳನ್ನು ಮುಂದೆ ನುಡಿಸಿಕೊಂಡು ಹೋಗುವ ಹಕ್ಕನ್ನು ಪಡೆದವನು. ನಿಜಗುಣ ಶಿವಯೋಗಿಗಳು ‘ವಿವೇಕಚಿಂತಾಮಣಿ’ಯಲ್ಲಿ ಆ ಐದನ್ನು ಹೆಸರಿಸಿದ್ದಾರೆ. ಶೃಂಗ, ತಮ್ಮಟ, ಶಂಖ, ಭೇರಿ, ಜಯಘಂಟೆ. ಮೊದಲನೆಯದೇ ಕೊಂಬು! ಸಾಮಂತನಿಗೆ ಅದು ದೊಡ್ಡ ಮರ್ಯಾದೆ, ಶಾಸನದಲ್ಲಿ ಕೆತ್ತಿಸಿಕೊಳ್ಳುವಂಥದು. ಕೊಂಬು ಊದಿದವನ ಹೆಸರನ್ನು ಕೆತ್ತಿಸುವ ಗೋಜಿಗೆ ಸಾಮಾನ್ಯವಾಗಿ ಯಾರೂ ಹೋಗಲಿಲ್ಲ.

ಹದಿಮೂರನೆಯ ಶತಮಾನದಲ್ಲಿ ಈ ಸೀಮೆ ದೇವಗಿರಿಯ ಸೇವುಣರ ಕೈಸೇರಿತು. ಅವರ ದೊರೆ ಸಿಂಘಣನ ಆಶ್ರಯದಲ್ಲಿದ್ದ ಶಾರ್ಙ್ಗದೇವ ‘ಸಂಗೀತರತ್ನಾಕರ’ದಲ್ಲಿ ಕಹಳೆಯ ಲಕ್ಷಣವನ್ನು ಹೇಳುತ್ತಾನೆ. ತಾಮ್ರ, ಬೆಳ್ಳಿ ಇಲ್ಲವೇ ಬಂಗಾರದ್ದು. ಬಾಯಿ ದತ್ತೂರಿ ಹೂವಿನಂತೆ ಅರಳಿರಬೇಕು. ವೀರರ ಬಿರುದು ಸಾರಲು ಬಳಕೆ. ಗದುಗಿನ ವೀರನಾರಾಯಣನ ಕವಿ ಕುಮಾರವ್ಯಾಸನ ರಣರಂಗದಲ್ಲಿ ಗೌರುಗಹಳೆಗಳು ಕಿವಿ ಗಡಚಿಕ್ಕುತ್ತವೆ. ವಿಜಯನಗರದ ಮಹಾನವಮಿಯನ್ನು ಕಂಡು ಬರೆದ ಪೋರ್ಚುಗೀಸ ಡೊಮಿಂಗೊ ಪಾಯೆಸ್ ಕೂಡ ತುತ್ತೂರಿ ನಗಾರಿಗಳ ಸದ್ದನ್ನು ಮರೆಯಲಿಲ್ಲ.

ಎಲ್ಲ ಕಡೆಯೂ ಅದೇ ಕೆಲಸ. ಸಾರುವುದು, ಬೆದರಿಸುವುದು, ದಾರಿ ಬಿಡಿಸುವುದು. ಹಾಡುವ ಕೆಲಸ ಕಹಳೆಗೆ ಏಕೆ ಬರಲಿಲ್ಲ?

ಉತ್ತರ ನಳಿಗೆಯಲ್ಲಿದೆ. ಶಹನಾಯಿಗೆ ಪೀಪಿಯಿದೆ, ಬೆರಳಾಡಿಸಲು ತೂತುಗಳಿವೆ. ಕಹಳೆಗೆ ಎರಡೂ ಇಲ್ಲ. ಊದುವವನ ತುಟಿಯೇ ಪೀಪಿ. ತುಟಿಯನ್ನು ಬಿಗಿ ಮಾಡಿದಂತೆ ನಾದ ಮೇಲೇರುತ್ತದೆ, ಆದರೆ ಮೆಟ್ಟಿಲು ಮೆಟ್ಟಿಲಾಗಿ ಅಲ್ಲ, ಜಿಗಿಜಿಗಿದು. ಮೊದಲು ಷಡ್ಜ, ಅದರ ಮೇಲಿನ ಷಡ್ಜ, ಪಂಚಮ, ಮತ್ತೆ ಷಡ್ಜ, ಗಾಂಧಾರ, ಪಂಚಮ. ಕೆಳಗಿನ ನೆಲೆಯಲ್ಲಿ ರಿಷಭವಿಲ್ಲ, ಮಧ್ಯಮವಿಲ್ಲ. ಸ–ಗ–ಪ ಇಟ್ಟುಕೊಂಡು ದಂಡನ್ನು ಎಬ್ಬಿಸಬಹುದು, ರಾಗ ಬೆಳೆಸುವುದು ಕಷ್ಟ. ಮೇಲಕ್ಕೆ, ಎಂಟನೆಯ ಉಪಸ್ವರದಿಂದಾಚೆ ಹೋದರೆ ಮಾತ್ರ ಸ್ವರಗಳು ಒಂದರ ಪಕ್ಕ ಒಂದು ಸಿಗುತ್ತವೆ. ಅಲ್ಲಿಗೆ ಮುಟ್ಟುವ ತುಟಿ ಬೇಕು.

ಯುರೋಪಿನಲ್ಲೂ ಬಹುಕಾಲ ಇದೇ ಪಾಡು. ಅಲ್ಲಿಯೂ ಕಹಳೆ ದೊರೆಗಳ ಸೊತ್ತು. ಜರ್ಮನ್ ನಾಡುಗಳ ಕಹಳೆಗಾರರ ಸಂಘ 1623ರಲ್ಲಿ ಚಕ್ರವರ್ತಿಯಿಂದ ಸನ್ನದು ಪಡೆಯಿತು. ಹೊರಗಿನವರು ಬೇಕೆಂದಲ್ಲಿ ಊದುವಂತಿರಲಿಲ್ಲ. ನಮ್ಮ ಪಂಚಮಹಾಶಬ್ದದ ನೆಂಟನೆಂದೇ ಹೇಳಬೇಕು. ಆದರೆ ಒಂದು ವ್ಯತ್ಯಾಸ. ಅಲ್ಲಿ ಸನ್ನದು ಸಿಕ್ಕಿದ್ದು ಊದುವವನಿಗೇ. ಆ ಬಲದ ಮೇಲೆ ಅವರು ವರ್ಷಗಟ್ಟಲೆ ಸಾಧನೆ ಮಾಡಿ ಮೇಲಿನ ಸ್ವರಗಳನ್ನು ವಶಮಾಡಿಕೊಂಡರು. ಬಾಖ್ 1721ರಲ್ಲಿ ಅರ್ಪಿಸಿದ ಎರಡನೆಯ ಬ್ರಾಂಡೆನ್‌ಬರ್ಗ್ ಕನ್ಸರ್ಟೊ ಇಂಥ ತುಟಿಗಳಿಗಾಗಿ ಬರೆದದ್ದು. ಇಂದಿನ ವಾದಕರೂ ಅದರ ಮುಂದೆ ಬೆವರುತ್ತಾರೆ.

ಆಮೇಲೆ ಯಂತ್ರ ಬಂತು. ವಿಯೆನ್ನಾದ ಆಂಟನ್ ವೈಡಿಂಗರ್ ಕೀಲಿಗಳಿದ್ದ ಟ್ರಂಪೆಟ್ ನುಡಿಸುತ್ತಿದ್ದ; ಅವನಿಗಾಗಿ ಹೈಡನ್ 1796ರಲ್ಲಿ ಕನ್ಸರ್ಟೊ ಬರೆದ. 1818ರಲ್ಲಿ ಪ್ರಷ್ಯಾದ ಸ್ಟೋಲ್ಜೆಲ್ ಮತ್ತು ಬ್ಲೂಮೆಲ್ ವಾಲ್ವಿಗೆ ಪೇಟೆಂಟ್ ಪಡೆದರು. ಇಂದಿನ ಟ್ರಂಪೆಟ್ಟಿನಲ್ಲಿ ನಡುವಿನ ವಾಲ್ವ್ ಒತ್ತಿದರೆ ಸ್ವರ ಅರ್ಧ ಮನೆ ಇಳಿಯುತ್ತದೆ, ಮೊದಲನೆಯದು ಒಂದು ಮನೆ, ಮೂರನೆಯದು ಒಂದೂವರೆ. ಮೂರು ಬೆರಳಿಗೆ ಹನ್ನೆರಡು ಸ್ವರಗಳೂ ದಕ್ಕಿದವು. ಆರ್ಬಾನ್ 1864ರಲ್ಲಿ ಪ್ರಕಟಿಸಿದ ಪಾಠದ ಪುಸ್ತಕವನ್ನು ಕಲಿಯುವವರು ಈಗಲೂ ಕೈಬಿಟ್ಟಿಲ್ಲ.

ಈ ಹೊಸ ಕಹಳೆ ಪಲ್ಟಣಿನ ಬೆನ್ನುಹತ್ತಿ ನಮ್ಮಲ್ಲಿಗೆ ಬಂತು. ಮೈಸೂರಿನಲ್ಲಿ ಅರಮನೆ ಸಾಕಿತು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅಲ್ಲಿಯ ಪಾಶ್ಚಾತ್ಯ ವಾದ್ಯವೃಂದವನ್ನು ಜರ್ಮನಿಯ ಆಟೊ ಸ್ಮಿತ್ ನಡೆಸಿದ. ಗೋವೆಯಲ್ಲಿ ಚರ್ಚಿನ ಶಾಲೆಗಳು ಹುಡುಗರಿಗೆ ಸ್ವರಲಿಪಿ ಕಲಿಸಿದವು. ಅಲ್ಲಿಂದ ಮುಂಬಯಿಗೆ ಹೋದವರಲ್ಲಿ ‘ಚಿಕ್ ಚಾಕೊಲೇಟ್’ ಎಂದೇ ಹೆಸರಾದ ಟ್ರಂಪೆಟ್ ವಾದಕ ಆಂಟೋನಿಯೊ ವಾಜ್ 1951ರ ‘ಅಲ್ಬೇಲಾ’ ಚಿತ್ರದ ಹಾಡುಗಳಿಗೆ ರಂಗು ತುಂಬಿದ. ಉಳಿದೆಡೆ ಟ್ರಂಪೆಟ್ ಬೀದಿಗಿಳಿಯಿತು. ಮೀರತ್ತಿನಲ್ಲಿ 1885ರಲ್ಲಿ ಶುರುವಾದ ನಾದಿರ್ ಅಲಿ ಕಂಪನಿಯಂಥವು ಹಿತ್ತಾಳೆ ವಾದ್ಯಗಳನ್ನು ಊರೂರಿಗೆ ಮುಟ್ಟಿಸಿದವು. ಬ್ಯಾಂಡ್ ಕಂಪನಿಯಿಲ್ಲದ ಮದುವೆ ಮದುವೆಯೇ ಅಲ್ಲ ಎಂಬ ಕಾಲವೂ ಬಂತು.

ಬ್ಯಾಂಡಿನವನಿಗೆ ಹನ್ನೆರಡು ಸ್ವರ ಸಿಕ್ಕವು, ಕುಳಿತು ನುಡಿಸುವ ವೇದಿಕೆ ಸಿಗಲಿಲ್ಲ. ಪುಲಿಗೆರೆಯ ಸಾಮಂತನ ಮುಂದೆ ನಡೆದಂತೆಯೇ ಮದುವಣಿಗನ ಮುಂದೆ ನಡೆದ. ಬಿಸಿಲಲ್ಲಿ ನಡೆಯುತ್ತ, ಕಿವಿಯಿಂದಲೇ ಕಲಿತ ಸಿನಿಮಾ ಹಾಡನ್ನು ತಾಸುಗಟ್ಟಲೆ ಊದುವುದು ಸಾಮಾನ್ಯ ವಿದ್ಯೆಯಲ್ಲ. ಈಗ ಡಿಜೆ ಪೆಟ್ಟಿಗೆಗಳು ಆ ದಾರಿಯನ್ನೂ ಹಿಡಿದಿವೆ. ಡೊಳ್ಳಿನವರು ನಾಲ್ಕು ತಿಂಗಳು ಸುಮ್ಮನಿದ್ದರೂ ಕೈ ಮರೆಯುವುದಿಲ್ಲ. ಟ್ರಂಪೆಟ್ಟಿನವನ ತುಟಿ ಹಾಗಲ್ಲ, ಕೆಲವೇ ವಾರ ಬಿಟ್ಟರೆ ಬಿಗಿ ಸಡಿಲುತ್ತದೆ. ಕರೆಯುವವರಿಲ್ಲದಿದ್ದರೆ ಅವನು ಕೂಲಿಯ ಜೊತೆಗೆ ವಿದ್ಯೆಯನ್ನೂ ಕಳೆದುಕೊಳ್ಳುತ್ತಾನೆ.

ಪರದೇಶದ ವಾದ್ಯ, ಮೀಂಡ್ ಬರುವುದಿಲ್ಲ ಎಂಬ ಆಕ್ಷೇಪಣೆ ಹಳೆಯದು. ಅದೇ ತಕರಾರಿನ ಮೇಲೆ ಆಕಾಶವಾಣಿ 1940ರಿಂದ 1971ರವರೆಗೆ ಹಾರ್ಮೋನಿಯಮ್ಮನ್ನು ಹೊರಗಿಟ್ಟಿತ್ತು. ಗದುಗಿನ ವೀರೇಶ್ವರ ಪುಣ್ಯಾಶ್ರಮ ಕೇಳಲಿಲ್ಲ. ಪುಟ್ಟರಾಜ ಗವಾಯಿಗಳ ಬೆರಳಿನಡಿ ಅದೇ ಪೆಟ್ಟಿಗೆ ಹಾಡಿತು. ಸ್ಯಾಕ್ಸೊಫೋನಿಗೂ ಅದೇ ಮಾತು ಬಂದಿತ್ತು. ಹುಡುಗನಾಗಿದ್ದಾಗ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಅದನ್ನು ಕಂಡು ಮರುಳಾದ ಕದ್ರಿ ಗೋಪಾಲನಾಥ್ (1949–2019) ಕರ್ನಾಟಕ ಸಂಗೀತದ ಕಛೇರಿಗೆ ಅದನ್ನು ಕೂರಿಸಿದರು. ಟ್ರಂಪೆಟ್ಟಿಗೆ ಇನ್ನೂ ಒಬ್ಬ ಕದ್ರಿ ಹುಟ್ಟಿಲ್ಲ. ಹಾರ್ಮೋನಿಯಮ್ಮಿನಲ್ಲಿ ಅಸಾಧ್ಯವಾದ ಜಾರು ಟ್ರಂಪೆಟ್ಟಿನ ತುಟಿಯಲ್ಲಿ ಸಾಧ್ಯ, ವಾಲ್ವನ್ನು ಅರ್ಧ ಒತ್ತಿಯೂ ಸಾಧ್ಯ.

ಇನ್ನೊಂದು ಕೌತುಕದ ಲೆಕ್ಕವಿದೆ. ವಾಲ್ವಿಲ್ಲದ ಬರಿಯ ನಳಿಗೆಯನ್ನೇ ಸರಿಯಾದ ಅಳತೆಯಲ್ಲಿ ಮಾಡಿದರೆ ಅದರ 8, 9, 10, 12 ಮತ್ತು 15ನೆಯ ಉಪಸ್ವರಗಳು ಕ್ರಮವಾಗಿ ಸ, ರಿ, ಗ, ಪ, ನಿ. ಅದು ರಾಮಸ್ವಾಮಿ ದೀಕ್ಷಿತರು ಕಟ್ಟಿದ, ಹಿಂದೂಸ್ತಾನಿಯವರೂ ತಮ್ಮದಾಗಿಸಿಕೊಂಡ ಹಂಸಧ್ವನಿ. ಹದಿನೈದನೆಯ ಸ್ವರವನ್ನು ಮುಟ್ಟಲು ಬಾಖ್‌ನ ಕಾಲದ ತುಟಿ ಬೇಕು. ಅಂಥ ತುಟಿಗೆ ದಿನವೂ ರಿಯಾಜು ಬೇಕು, ರಿಯಾಜಿಗೆ ಮದುವೆ ಮುಹೂರ್ತಗಳಾಚೆಯೂ ಉಣ್ಣಲು ಅನ್ನ ಬೇಕು.