ಬೆಳ್ಳಿಯ ಡಾಲರಿಗೆ ಮೂರು ಬೆಲೆ

1964ರ ಇಸವಿಯುಳ್ಳ ಅಮೆರಿಕದ ಕಾಲು ಡಾಲರನ್ನೂ ಮರುವರ್ಷದ ಇಸವಿಯುಳ್ಳ ಇನ್ನೊಂದನ್ನೂ ಅಕ್ಕಪಕ್ಕದಲ್ಲಿರಿಸಿದರೆ, ಎರಡರಲ್ಲಿಯೂ ವಾಷಿಂಗ್ಟನ್ನನ ಮುಖ ಒಂದೇ, ಗಾತ್ರ ಒಂದೇ, ಶಾಸನವು ವಿಧಿಸಿದ ಇಪ್ಪತ್ತೈದು ಸೆಂಟಿನ ಬೆಲೆಯೂ ಒಂದೇ. ಆದರೆ ಅಂಚನ್ನು ಬೆಳಕಿಗೆ ಹಿಡಿದಾಗ ಮೊದಲನೆಯದು ಸುತ್ತಲೂ ಅಚ್ಚಬಿಳುಪಾಗಿಯೂ, ಎರಡನೆಯದು ನಡುವೆ ತಾಮ್ರದ ಕೆಂಪು ಪಟ್ಟಿಯನ್ನು ಹೊತ್ತೂ ತೋರುವುವು. ಹತ್ತರಲ್ಲಿ ಒಂಬತ್ತು ಪಾಲು ಬೆಳ್ಳಿಯಾದ ಮೊದಲನೆಯದನ್ನು ಬೆಳ್ಳಿಯ ವ್ಯಾಪಾರಿಯು ತೂಗಿ ಕೊಳ್ಳುವನು. ಬೆಳ್ಳಿಯ ಲೇಶವೂ ಇಲ್ಲದ ಎರಡನೆಯದು ಅಂಗಡಿಯ ಗಲ್ಲಾಪೆಟ್ಟಿಗೆಗೆ ಮಾತ್ರ ಸಲ್ಲುವುದು.

ನಾಣ್ಯಕ್ಕೆ ಶಾಸನವು ಕಟ್ಟುವ ಬೆಲೆ ಸ್ಥಿರ. ಅದರೊಳಗಿನ ಲೋಹಕ್ಕೆ ಪೇಟೆಯು ಕಟ್ಟುವ ಬೆಲೆ ಚಂಚಲ. 1792ರ ಶಾಸನವು ಡಾಲರೊಂದಕ್ಕೆ 371¼ ಗ್ರೇನು ಶುದ್ಧ ಬೆಳ್ಳಿಯನ್ನು ಗೊತ್ತುಮಾಡಿತು. 1837ರಲ್ಲಿ ನೂರಕ್ಕೆ ತೊಂಬತ್ತರ ಮಿಶ್ರಣ ನೆಲೆಗೊಂಡಿತು. ಕ್ಯಾಲಿಫೋರ್ನಿಯದ ಚಿನ್ನವು ಹರಿದುಬಂದು ಅದರೆದುರು ಬೆಳ್ಳಿ ತುಟ್ಟಿಯಾದಾಗ, ಚಿಲ್ಲರೆ ನಾಣ್ಯಗಳು ಚಲಾವಣೆಯಿಂದ ಜಾರಿ ಮೂಸೆಯನ್ನು ಸೇರತೊಡಗಿದುದರಿಂದ, 1853ರಲ್ಲಿ ಅವುಗಳ ತೂಕವನ್ನು ತಗ್ಗಿಸಿ, ಗುರುತಿಗಾಗಿ ಇಸವಿಯ ಇಕ್ಕೆಲಗಳಲ್ಲಿ ಬಾಣದ ಮೊನೆಗಳನ್ನು ಮೂಡಿಸಬೇಕಾಯಿತು. 1963ರಲ್ಲಿ ಧಾರಣೆಯು ಔನ್ಸಿಗೆ 1.29 ಡಾಲರನ್ನು ಮುಟ್ಟಿ, ಬೆಳ್ಳಿಯ ಡಾಲರಿನ ಲೋಹವು ಮುಖಬೆಲೆಗೆ ಸರಿದೊರೆಯಾಯಿತು. 1965ರಲ್ಲಿ ಅಧ್ಯಕ್ಷ ಜಾನ್ಸನ್ನರ ಅಂಕಿತವನ್ನು ಪಡೆದ ಶಾಸನವು ಹತ್ತು ಸೆಂಟಿನ ಮತ್ತು ಕಾಲು ಡಾಲರಿನ ನಾಣ್ಯಗಳಿಂದ ಬೆಳ್ಳಿಯನ್ನು ತೊಲಗಿಸಿತು. ಅರ್ಧ ಡಾಲರಿನಲ್ಲಿ ಮಾತ್ರ ಅದು ನೂರಕ್ಕೆ ನಲವತ್ತರಂತೆ 1970ರವರೆಗೆ ಉಳಿಯಿತು.

1873ರಿಂದ 1964ರವರೆಗಿನ ಚಿಲ್ಲರೆಯ ಲೆಕ್ಕ ಸುಲಭ. ಹತ್ತು ಸೆಂಟಿನವು ಹತ್ತಿರಲಿ, ಕಾಲು ಡಾಲರುಗಳು ನಾಲ್ಕಿರಲಿ, ಅರ್ಧ ಡಾಲರುಗಳು ಎರಡಿರಲಿ, ಒಟ್ಟು ತೂಕ 25 ಗ್ರಾಂ, ಅದರೊಳಗಿನ ಬೆಳ್ಳಿ 22.5 ಗ್ರಾಂ, ಕೈಯಿಂದ ಕೈಗೆ ಸಾಗಿ ಸವೆದುದಕ್ಕಾಗಿ ವ್ಯಾಪಾರಿಗಳು ಅಲ್ಪಸ್ವಲ್ಪ ಕಳೆಯುವುದುಂಟು. 1980ರ ಜನವರಿಯಲ್ಲಿ ಧಾರಣೆಯು ಔನ್ಸಿಗೆ ಐವತ್ತು ಡಾಲರಿನ ಸಮೀಪಕ್ಕೇರಿದಾಗ, ಇಂತಹ ಸಾಮಾನ್ಯ ನಾಣ್ಯಗಳು ರಾಶಿರಾಶಿಯಾಗಿ ಕರಗಿಹೋದುವು.

ಆದರೆ ಲೋಹದ ಬೆಲೆಯು ತಳಪಾಯವೇ ಹೊರತು ಶಿಖರವಲ್ಲ. ಮೊದಲನೆಯ ಮಹಾಯುದ್ಧದಲ್ಲಿ ಭಾರತದ ಜನರು ಕಾಗದದ ನೋಟನ್ನು ನಂಬದೆ ಬೆಳ್ಳಿಯ ರೂಪಾಯಿಯನ್ನೇ ಕೇಳತೊಡಗಿದಾಗ, ಬ್ರಿಟಿಷ್ ಸರ್ಕಾರದ ಸಂಕಟವನ್ನು ನೀಗಲು ಅಮೆರಿಕವು 1918ರ ಪಿಟ್ಮನ್ ಶಾಸನದ ಮೇರೆಗೆ 27 ಕೋಟಿಗೂ ಮಿಕ್ಕ ಡಾಲರುಗಳನ್ನು ಕರಗಿಸಿತು. ಆ ಬೆಳ್ಳಿಯ ಬಹುಭಾಗವು ನಮ್ಮ ದೇಶದ ಟಂಕಸಾಲೆಗಳಿಗಾಗಿ ಹಡಗೇರಿತು. 1903ರಲ್ಲಿ ನ್ಯೂ ಆರ್ಲಿಯನ್ಸಿನಲ್ಲಿ ಅಚ್ಚಾದ ಡಾಲರುಗಳೂ ಹಾಗೆಯೇ ಕರಗಿದುವೆಂದು ಬಗೆದ ಸಂಗ್ರಾಹಕರು, ಉಳಿದ ಕೆಲವಕ್ಕೆ ಭಾರಿ ಬೆಲೆ ತೆರುತ್ತಿದ್ದರು. 1962ರ ಅಂತ್ಯದಲ್ಲಿ ಖಜಾನೆಯಿಂದ ಅವು ಮೂಟೆಗಟ್ಟಲೆ ಹೊರಬಂದೊಡನೆ ಆ ಬೆಲೆ ಕುಸಿದುಬಿದ್ದಿತು. ನಾಣ್ಯದೊಳಗಿನ ಬೆಳ್ಳಿ ಗುಲಗಂಜಿಯಷ್ಟೂ ಕಡಿಮೆಯಾಗಿರಲಿಲ್ಲ, ಕಡಿಮೆಯಾದುದು ವಿರಳತೆ. ಇದಕ್ಕೆ ಪ್ರತಿಯಾಗಿ, 1916ರಲ್ಲಿ ಡೆನ್ವರಿನಲ್ಲಿ ಕೇವಲ 2,64,000 ಅಚ್ಚಾದ ಹತ್ತು ಸೆಂಟಿನ ನಾಣ್ಯವು ತನ್ನ ಸೋದರ ನಾಣ್ಯಗಳಂತೆ 2.25 ಗ್ರಾಂ ಬೆಳ್ಳಿಯನ್ನೇ ಹೊಂದಿದ್ದರೂ, ಬೆನ್ನಮೇಲಿನ ಪುಟ್ಟ ‘ಡಿ’ ಅಕ್ಷರದ ಬಲದಿಂದ ಅವುಗಳ ನೂರಾರು ಪಾಲು ಬೆಲೆ ಬಾಳುತ್ತದೆ.

ಆದುದರಿಂದ ಬಲ್ಲವರು ನಾಣ್ಯವನ್ನು ತಕ್ಕಡಿಗಿಡುವ ಮುನ್ನ ಇಸವಿಯನ್ನೂ ಟಂಕಸಾಲೆಯ ಗುರುತನ್ನೂ ಓದುತ್ತಾರೆ. ಕಪ್ಪಡರಿದ್ದರೂ ಉಜ್ಜಿ ಬೆಳಗಲು ಹೋಗುವುದಿಲ್ಲ. ಉಜ್ಜಿದ ನಾಣ್ಯವು ಹೊಳೆಯುವುದೇನೋ ನಿಜ; ಆದರೆ ಸಂಗ್ರಾಹಕನ ದೃಷ್ಟಿಯಲ್ಲಿ ಆ ಹೊಳಪೇ ಅದರ ಅಪಮೌಲ್ಯ.