ಸಿಪಾಯಿ ಕೊಟ್ಟು ಹೊತ್ತು ಕೊಳ್ಳುವ ಆಟ

ಕೃಷ್ಣಗಿರಿಯಲ್ಲಿ ಬಸ್ಸು ಹತ್ತಿದಾಗಿನಿಂದ ಮೊಮ್ಮಗ ಒಂದು ಮಾತೂ ಆಡಲಿಲ್ಲ. ಶಾಲಾ ಮಕ್ಕಳ ಚೆಸ್ ಪಂದ್ಯಕ್ಕೆಂದು ಕರೆದುಕೊಂಡು ಹೋಗಿದ್ದೆ. ಮೊದಲೆರಡು ಆಟ ಗೆದ್ದ ಹುಡುಗ ಮೂರನೆಯದನ್ನು ಹತ್ತೇ ನಿಮಿಷದಲ್ಲಿ ಸೋತು, ಮುಖ ಊದಿಸಿಕೊಂಡು ಹೊರಗೆ ಬಂದಿದ್ದ. ಶೂಲಗಿರಿ ದಾಟಿದ ಮೇಲೆ ಮೆಲ್ಲಗೆ ಕೇಳಿದೆ: "ಏನಾಯ್ತೋ ಮಗಾ?"

"ಒಂದು ಸಿಪಾಯಿ ಸುಮ್ನೆ ಸಿಕ್ತು ತಾತಾ, ತಗೊಂಡೆ. ಅದನ್ನ ಬಿಡಬಾರ್ದು ಅಂತ ಕಾಯ್ತಾ ಕೂತೆ. ಆನೇನೇ ಹೋಗೋ ಹಾಗಾಯ್ತು."

ಈ ಮಾತು ನನಗೆ ನೇರವಾಗಿ ನಾಟಿತು. ಮಾವಿನ ವ್ಯಾಪಾರದಲ್ಲಿ ನಾನೂ ಇದೇ ತಪ್ಪು ಮಾಡಿದವನು. ಒಂದು ವರ್ಷ ಅಗ್ಗಕ್ಕೆ ಸಿಕ್ಕಿತೆಂದು ಹಳೇ ತೋಪೊಂದನ್ನು ಗುತ್ತಿಗೆ ಹಿಡಿದೆ. ಹೂ ಉದುರಿತು. "ಹೋದ್ರೆ ಹೋಗ್ಲಿ, ಬಿಟ್ಬಿಡಿ" ಅಂದಳು ಮನೆಯವಳು. ನಾನು ಕೇಳಲಿಲ್ಲ. ಔಷಧಿ, ಕಾವಲು, ನೀರು ಅಂತ ಹಣ ಸುರಿದೆ. ಅಷ್ಟರಲ್ಲಿ ಪಕ್ಕದಲ್ಲೇ ಒಳ್ಳೇ ತೋತಾಪುರಿ ತೋಪು ಗುತ್ತಿಗೆಗೆ ಬಂತು. ಮುಂಗಡ ಕೊಡೋಣವೆಂದರೆ ಕೈಯಲ್ಲಿ ಕಾಸಿರಲಿಲ್ಲ.

ಹುಡುಗನಿಗೆ ಬುದ್ಧಿ ಹೇಳುವ ಯೋಗ್ಯತೆ ನನಗಿರಲಿಲ್ಲ. ಜೊತೆಗೆ ಕೂತು ಕಲಿಯಬಹುದಿತ್ತು. ಅರವತ್ತು ದಾಟಿದ ಮೇಲೆ ಹೀಗೆ ಶುರುವಾಯಿತು ನನ್ನ ಗ್ಯಾಂಬಿಟ್ ಪಾಠ.

ಮಂತ್ರಿ ಯಾರು?

ಪಾಠ ಹೇಳಿದವರು ನಮ್ಮ ಬೀದಿಯ ಬಟ್ಟೆ ಅಂಗಡಿಯವರು. ಮನೆಮಾತು ತಮಿಳು, ಕಾಲೇಜಿನಲ್ಲಿ ಆಡಿ ಪಳಗಿದವರು. ಮೊದಲ ದಿನವೇ ಎಡವಟ್ಟಾಯಿತು. "ಮಂದಿರಿಯ ನಗತ್ತುಂಗಣ್ಣಾ" ಅಂದರು. ನಾನು ಮಂತ್ರಿಯನ್ನು ಎತ್ತಿದೆ. ಅವರು ನಕ್ಕರು. ನಾವು ಕನ್ನಡದವರು ರಾಜನ ಪಕ್ಕದ ದೊಡ್ಡ ಕಾಯಿಯನ್ನು ಮಂತ್ರಿ ಅನ್ನುತ್ತೇವೆ. ಅವರಿಗೆ ಅದು ರಾಣಿ. ನಮ್ಮ ಒಂಟೆ ಅವರಿಗೆ ಮಂತ್ರಿ. ಆನೆ, ಕುದುರೆ, ಸಿಪಾಯಿಗಳಲ್ಲಿ ಮಾತ್ರ ಜಗಳವಿಲ್ಲ. ಹೊಸೂರಿನಲ್ಲಿ ಬಾಳುವವರಿಗೆ ಇದೇನು ಹೊಸದಲ್ಲ ಬಿಡಿ.

ಎರಡನೇ ತೊಡಕು ನನ್ನ ಹಳೇ ಅಭ್ಯಾಸದ್ದು. ನಮ್ಮಪ್ಪ ಕಲಿಸಿದ್ದು ದೇಶಿ ಚದುರಂಗ. ಅದರಲ್ಲಿ ಸಿಪಾಯಿ ಮೊದಲ ನಡೆಗೂ ಒಂದೇ ಮನೆ. ರಾಜ ಒಂದು ಸಲ ಕುದುರೆ ಹಾಗೆ ಹಾರಬಹುದು. ಕ್ಯಾಸ್ಲಿಂಗ್ ಇಲ್ಲ. ನಿಧಾನದ ಆಟ. ಇಂಥ ಆಟದಿಂದ ಬಂದವರಿಗೆ ಇಂಗ್ಲಿಷ್ ಚೆಸ್ಸಿನ ಆರಂಭದ ನಡೆಗಳೇ ಕಷ್ಟ. ಪಂಜಾಬಿನ ಮೀರ್ ಸುಲ್ತಾನ್ ಖಾನ್ ಕಲಿತದ್ದೂ ದೇಶಿ ಆಟವನ್ನೇ. ಆದರೂ 1929, 1932, 1933ರಲ್ಲಿ ಬ್ರಿಟಿಷ್ ಚಾಂಪಿಯನ್ ಆದರು. ಅದನ್ನು ಕೇಳಿ ನನಗೂ ಧೈರ್ಯ ಬಂತು.

ಗ್ಯಾಂಬಿಟ್ ಅಂದ್ರೆ ಏನು?

ಇಟಲಿ ಭಾಷೆಯಲ್ಲಿ ಕಾಲು ಕೊಟ್ಟು ಕೆಡಹುವ ಪಟ್ಟಿಗೆ ಇದ್ದ ಹೆಸರಿನಿಂದ ಬಂದ ಮಾತು ಇದು. ಸ್ಪೇನಿನ ಪಾದ್ರಿ ರುಯ್ ಲೋಪೆಜ್ 1561ರ ತಮ್ಮ ಪುಸ್ತಕದಲ್ಲಿ ಇದನ್ನು ಚದುರಂಗಕ್ಕೆ ತಂದರು. ಆಟದ ಮೊದಲಲ್ಲೇ ಎದುರಾಳಿಗೆ ಒಂದು ಸಿಪಾಯಿ ತಿನ್ನಲು ಬಿಟ್ಟು, ಅವನು ತಿನ್ನುವ ಹೊತ್ತಿನಲ್ಲಿ ನಮ್ಮ ಕಾಯಿಗಳನ್ನು ಬೇಗ ಹೊರಗೆ ತರುವುದೇ ಗ್ಯಾಂಬಿಟ್.

ನಮ್ಮವರಿಗೆ ಇದು ಬೇಗ ಅರ್ಥವಾಗಬೇಕು. ಮಾವಿನ ಹೂ ನೋಡಿ ತೋಪಿಗೆ ಮುಂಗಡ ಕೊಡುತ್ತೇವಲ್ಲ, ಅದೂ ಇದೇ. ಅದು ದಾನವೂ ಅಲ್ಲ, ಜೂಜೂ ಅಲ್ಲ. ಕೊಟ್ಟ ಮೇಲೆ ಸುಮ್ಮನೆ ಕೂತರೆ ಮಾತ್ರ ಮುಂಗಡ ಮುಳುಗಿತು. ಒಂದು ಸಿಪಾಯಿ ಸುಮಾರು ಮೂರು ನಡೆಗಳಿಗೆ ಸಮ ಅನ್ನುವುದು ಚೆಸ್ಸಿನವರ ಹಳೇ ಲೆಕ್ಕ. ಮೂರು ನಡೆ ಮುಂದಿದ್ದೇನೆಯೇ ಅಂತ ಎಣಿಸಬೇಕು. ಇಲ್ಲವಾದರೆ ಕೊಟ್ಟದ್ದು ದಂಡ.

ಬಿಗಿ ಹಿಡಿದರೆ ಆನೆಗೆ ಬಂತು

ಹುಡುಗ ಸೋತದ್ದು ಕ್ವೀನ್ಸ್ ಗ್ಯಾಂಬಿಟ್‌ನಲ್ಲಿ. ಮನೆಯಲ್ಲಿ ಹಲಗೆ ಇದ್ದರೆ ನೀವೂ ಕಾಯಿ ಇಟ್ಟು ನೋಡಿ. ಬಿಳಿಯ ಸಿಪಾಯಿ ಡಿ4ಕ್ಕೆ, ಕಪ್ಪಿನದು ಡಿ5ಕ್ಕೆ. ಬಿಳಿ ಸಿ4ಕ್ಕೆ ಇನ್ನೊಂದು ಸಿಪಾಯಿ ತಂದು ತಿನ್ನು ಅನ್ನುತ್ತಾನೆ. ಕಪ್ಪು ತಿಂದ. ಬಿಳಿ ಇ3 ನಡೆಸಿ, ಆ ಸಿಪಾಯಿಯನ್ನು ತಿನ್ನಲು ಒಂಟೆಗೆ ದಾರಿ ಬಿಟ್ಟ. ಇಲ್ಲಿಯವರೆಗೆ ಕಪ್ಪಿಗೆ ಏನೂ ಕೆಟ್ಟಿಲ್ಲ.

ಈಗ ಆಸೆ ಶುರು. ತಿಂದದ್ದನ್ನು ಉಳಿಸಬೇಕೆಂದು ಕಪ್ಪು ಬಿ5ಕ್ಕೆ ಸಿಪಾಯಿ ಇಟ್ಟ. ಬಿಳಿ ಎ4ರಿಂದ ಅದನ್ನು ಕೆಣಕಿದ. ಕಪ್ಪು ಸಿ6ರಿಂದ ಆಸರೆ ಕೊಟ್ಟ. ಬಿಳಿ ಬಿ5ರಲ್ಲಿ ತಿಂದ, ಕಪ್ಪು ಸಿ6ರ ಸಿಪಾಯಿಯಿಂದ ತಿರುಗಿ ತಿಂದ. ಆಮೇಲೆ ಬಿಳಿಯ ಮಂತ್ರಿ ಎಫ್3ಕ್ಕೆ ಬಂದು ನಿಂತಿತು. ನೋಡಿ, ಓರೆಯಲ್ಲಿ ದಾರಿಯೆಲ್ಲ ಖಾಲಿ. ತುದಿಯಲ್ಲಿ ಎ8ರ ಆನೆ. ಅದನ್ನು ಉಳಿಸಬೇಕಾದರೆ ಕುದುರೆಯನ್ನೋ ಒಂಟೆಯನ್ನೋ ಅಡ್ಡ ಕೊಡಬೇಕು. ಒಂದರ ಬೆಲೆಯ ಸಿಪಾಯಿ ಉಳಿಸಲು ಹೋಗಿ ಮೂರರ ಬೆಲೆಯ ಕಾಯಿ ಹೋಯಿತು.

ಹಾಗಾದರೆ ತಿನ್ನಲೇಬಾರದೇ? ತಿನ್ನಬಹುದು. ತಿಂದು ಮರೆಯಬೇಕು. ಬಿಳಿ ಒಂಟೆಯಿಂದ ಸಿ4ರ ಸಿಪಾಯಿಯನ್ನು ತಿರುಗಿ ತಿನ್ನುತ್ತಾನೆ, ತಿನ್ನಲಿ. ಆ ಹೊತ್ತಿಗೆ ನಮ್ಮ ಕುದುರೆ ಹೊರಗೆ ಬರಲಿ, ರಾಜ ಕ್ಯಾಸ್ಲಿಂಗ್‌ಗೆ ಸಿದ್ಧವಾಗಲಿ. ತಿನ್ನದೇ ಇರುವುದೂ ಒಂದು ಉತ್ತರವೇ. 2024ರ ನವೆಂಬರ್ 27ರಂದು ಸಿಂಗಾಪುರದಲ್ಲಿ ಚೆನ್ನೈಯ ಗುಕೇಶ್ ವಿಶ್ವ ಪಂದ್ಯದ ಮೂರನೇ ಆಟ ಗೆದ್ದಾಗ, ಎದುರಾಳಿ ಡಿಂಗ್ ಲಿರೆನ್ ಆಡಿದ್ದು ಸಿಪಾಯಿ ತಿನ್ನದೆ ನಿರಾಕರಿಸುವ ಈ ಕ್ರಮವನ್ನೇ. ಆಟ ಸೋತದ್ದು ಆಮೇಲಿನ ಮಾತು. ಅದೇ ಡಿಸೆಂಬರ್ 12ರಂದು ಗುಕೇಶ್ 18ನೇ ವಯಸ್ಸಿಗೇ ವಿಶ್ವ ಚಾಂಪಿಯನ್ ಆದಾಗ ನಮ್ಮ ಮನೆಯಲ್ಲೂ ಪಾಯಸ ಮಾಡಿದ್ದೆವು.

ಹಿಂದಿರುಗಿಸುವ ವಿದ್ಯೆ

ಅಂಗಡಿಯವರು ಆಮೇಲೆ ಕಲಿಸಿದ್ದು ಇವಾನ್ಸ್ ಗ್ಯಾಂಬಿಟ್. ವೇಲ್ಸ್‌ನ ಹಡಗಿನ ಕ್ಯಾಪ್ಟನ್ ವಿಲಿಯಂ ಇವಾನ್ಸ್ 1820ರ ದಶಕದಲ್ಲಿ ಕಂಡುಹಿಡಿದದ್ದು. ಇದರಲ್ಲಿ ಬಿಳಿ ಬಿ4ರ ಸಿಪಾಯಿಯನ್ನು ಕಪ್ಪಿನ ಒಂಟೆಗೆ ನಿಜವಾಗಿಯೂ ಬಿಡುತ್ತಾನೆ. ಒಂಟೆ ತಿಂದೊಡನೆ ಸಿ3ರಿಂದ ಅದನ್ನು ಓಡಿಸಿ, ಡಿ4ಕ್ಕೆ ನುಗ್ಗಿ ನಡುಮನೆ ಹಿಡಿಯುತ್ತಾನೆ. 1852ರಲ್ಲಿ ಬರ್ಲಿನ್‌ನಲ್ಲಿ ಆಂಡರ್ಸನ್ ಇದನ್ನೇ ಹೂಡಿ ಗೆದ್ದ ಆಟ ಇವತ್ತಿಗೂ ಹೆಸರುವಾಸಿ. ಈ ಅಬ್ಬರ ತಗ್ಗಿಸಿದವರು 1894ರಿಂದ 1921ರವರೆಗೆ ವಿಶ್ವ ಚಾಂಪಿಯನ್ ಆಗಿದ್ದ ಲಾಸ್ಕರ್. ಅವರ ಉಪಾಯ ಸರಳ: ತಿಂದ ಸಿಪಾಯಿಯನ್ನು ಸರಿಯಾದ ಹೊತ್ತಿಗೆ ಹಿಂದಕ್ಕೆ ಕೊಟ್ಟುಬಿಡುವುದು.

ನಮ್ಮ ಅಭ್ಯಾಸ ಹೀಗೆ. ಒಂದು ವಾರಕ್ಕೆ ಒಂದೇ ಗ್ಯಾಂಬಿಟ್. ಒಂದು ದಿನ ನಾನು ಬಿಳಿ, ಮಾರನೇ ದಿನ ಅವನು ಬಿಳಿ. ಕೊಡುವವನ ಕಷ್ಟವೂ ತಿನ್ನುವವನ ಕಷ್ಟವೂ ಇಬ್ಬರಿಗೂ ಗೊತ್ತಾಗಬೇಕು. ಹತ್ತು ನಡೆ ಆದ ಮೇಲೆ ಆಟ ನಿಲ್ಲಿಸಿ, ಹಳೇ ಮಂಡಿ ಪುಸ್ತಕದಲ್ಲಿ ಮೂರು ಲೆಕ್ಕ ಬರೆಯುತ್ತೇವೆ: ಯಾರದು ಎಷ್ಟು ಕಾಯಿ ಹೊರಗೆ ಬಂದಿವೆ, ಯಾರ ರಾಜ ಭದ್ರ, ಸಿಪಾಯಿ ಯಾರಿಗೆ ಹೆಚ್ಚು. ಮೊದಲ ತಿಂಗಳು ನನ್ನ ಪುಟದಲ್ಲಿ ಸಿಪಾಯಿಯೇ ಹೆಚ್ಚು, ಸೋಲೂ ಹೆಚ್ಚು. ಹೊಸಬರಿಗೆ ಒಂದು ಕಿವಿಮಾತು: ಎಫ್4ರ ಸಿಪಾಯಿ ಕೊಡುವ ಕಿಂಗ್ಸ್ ಗ್ಯಾಂಬಿಟ್ ನೋಡಲು ಚೆಂದ, ಆದರೆ ಸ್ವಂತ ರಾಜನ ಬಾಗಿಲೇ ತೆರೆದಿಟ್ಟ ಹಾಗೆ. ಅದನ್ನು ಕೊನೆಗೆ ಕಲಿಯಿರಿ.

ಆರು ತಿಂಗಳ ಮೇಲೆ ಮತ್ತೆ ಕೃಷ್ಣಗಿರಿಗೆ ಹೋದೆವು. ಹುಡುಗನಿಗೆ ಮತ್ತೆ ಸಿ4ರ ಸಿಪಾಯಿ ಬಂತಂತೆ. ತಿಂದು, ತಿರುಗಿ ಬಿಟ್ಟುಕೊಟ್ಟ. ಆಟ ಸಮವಾಯಿತು. ಬಹುಮಾನವೇನೂ ಬರಲಿಲ್ಲ. ಬಸ್ಸಿನಲ್ಲಿ ಮಾತ್ರ ಬಾಯಿ ಮುಚ್ಚಲಿಲ್ಲ.

"ತಾತಾ, ಆ ಹಳೇ ತೋಪು ನೀನು ಯಾವಾಗ ಬಿಡ್ಬೇಕಾಗಿತ್ತು?"

"ಹೂ ಉದುರಿದ ದಿನಾನೇ ಕಣೋ. ನಿಮ್ಮಜ್ಜಿ ಆವತ್ತೇ ಹೇಳಿದ್ಲು."